ಏಳು ತಿಂಗಳ ಕೂದಲು

ಆ ಹಾಸ್ಟೆಲ್ಲಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವನು ಪೊದೆ. ಏಳು ತಿಂಗಳಿಂದ ಕತ್ತರಿ ಕಾಣದ ತಲೆಗೆ ಅದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗುತ್ತಲೂ ಇರಲಿಲ್ಲ. ಕೂದಲು ಹಣೆ ದಾಟಿ, ಹುಬ್ಬು ದಾಟಿ, ಕಿವಿಗಳನ್ನು ನುಂಗಿ ಕತ್ತಿನ ಮೇಲೆ ಇಳಿದು ಕೂತಿತ್ತು. ಓದುತ್ತಿದ್ದದ್ದು ಸಂಖ್ಯಾಶಾಸ್ತ್ರ. ತಲೆಯ ಒಳಗೆ ಏನಿದೆ ಅನ್ನುವುದು ಪರೀಕ್ಷೆಯ ಫಲಿತಾಂಶ ಬಂದ ಮೇಲೆ ತಿಳಿಯಬೇಕಿತ್ತು, ಹೊರಗೆ ಏನಿದೆ ಅನ್ನುವುದು ಮಾತ್ರ ಬೀದಿಯ ಆ ತುದಿಗೇ ಕಾಣುತ್ತಿತ್ತು.

ಉಳಿದ ಹುಡುಗರೇನೂ ಸುರಸುಂದರರಾಗಿ ತಿರುಗುತ್ತಿರಲಿಲ್ಲ. ಲಾಕ್‌ಡೌನ್ ಬಂದು ಕ್ಷೌರದಂಗಡಿಗಳು ಬಾಗಿಲು ಹಾಕಿದಾಗ, ಕೈಗೆ ಸಿಕ್ಕ ಕತ್ತರಿಯಿಂದ ಒಬ್ಬರ ತಲೆಯನ್ನು ಇನ್ನೊಬ್ಬರು ಕೆಡಿಸಿಕೊಂಡಿದ್ದರು. ಪೊದೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವನ ಅಪ್ಪ ಕ್ಷೌರದಂಗಡಿ ಇಟ್ಟವನು. ಹುಟ್ಟಿದಂದಿನಿಂದ ಆ ತಲೆಗೆ ಅಪ್ಪನ ಕತ್ತರಿ ಬಿಟ್ಟು ಇನ್ನೊಬ್ಬರ ಕತ್ತರಿ ಸೋಕಿರಲಿಲ್ಲ. ಅವನು ವಿಶ್ವವಿದ್ಯಾಲಯಕ್ಕೆ ಹೊರಟ ದಿನ ಬೇರೆ ಅಪ್ಪಂದಿರೆಲ್ಲ ತಮ್ಮ ಮಕ್ಕಳಿಗೆ ಚೆನ್ನಾಗಿ ಓದು, ದುಷ್ಟರ ಸಹವಾಸ ಮಾಡಬೇಡ ಅಂತ ಬುದ್ಧಿ ಹೇಳಿದರೆ, ಈ ಅಪ್ಪ ಹೇಳಿದ್ದು ಒಂದೇ ಮಾತು: "ತಲೆ ಮಾತ್ರ ಯಾರ ಕೈಗೂ ಕೊಡಬೇಡ."

ವಾರಕ್ಕೊಮ್ಮೆ ವಿಡಿಯೋ ಕರೆ ಬರುತ್ತಿತ್ತು. ಅಮ್ಮ ಊಟ ಕೇಳುತ್ತಿದ್ದಳು, ನಿದ್ದೆ ಕೇಳುತ್ತಿದ್ದಳು, ಮಾಸ್ಕ್ ತೊಳೆದೆಯಾ ಅಂತ ಕೇಳುತ್ತಿದ್ದಳು. ಆಮೇಲೆ ಅಪ್ಪ ಫೋನು ಇಸಿದುಕೊಂಡು, "ಆ ಕಡೆ ತಿರುಗು. ಈಗ ಈ ಕಡೆ. ಬಗ್ಗು," ಅನ್ನುತ್ತಿದ್ದ. ಮಗ ಫೋನಿನ ಮುಂದೆ ಗಿರಕಿ ಹೊಡೆಯುತ್ತಿದ್ದ. "ಬೆಳೀಲಿ ಬೆಳೀಲಿ," ಅಂತ ಹೇಳಿ ಅಪ್ಪ ಫೋನು ವಾಪಸು ಕೊಡುತ್ತಿದ್ದ. ಅಷ್ಟೇ ಮಾತು. ರೈತ ಕೂಡ ತನ್ನ ಬೆಳೆಯನ್ನು ಅಷ್ಟು ಅಕ್ಕರೆಯಿಂದ ನೋಡಿರಲಿಕ್ಕಿಲ್ಲ.

ಅಂತೂ ರಜೆ ಬಂತು. ಮನೆಗೆ ಹೋಗುವವರಿಗೆ ವಿಶ್ವವಿದ್ಯಾಲಯ ಒಂದು ವಾರದ ಗಡುವು ಕೊಟ್ಟಿತು. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕು, ರೋಗ ಇಲ್ಲ ಅಂತ ಚೀಟಿ ತರಬೇಕು, ಚೀಟಿ ತೋರಿಸಿ ಪಾಸು ಪಡೆಯಬೇಕು, ಪಾಸಿನಲ್ಲಿ ಬರೆದ ಬಸ್ಸನ್ನೇ ಹತ್ತಬೇಕು. ಆ ಬಸ್ಸು ತಪ್ಪಿತೋ, ರಜೆಯೆಲ್ಲ ಹಾಸ್ಟೆಲ್ಲಿನಲ್ಲಿ ವಾರ್ಡನ್ನಿನ ಮುಖ ನೋಡಿಕೊಂಡು ಕೂರಬೇಕು. ವಾರ್ಡನ್ನಿನ ಮುಖ ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಿರಲಿಲ್ಲ.

ಪಾಸಿನ ಕಿಟಕಿಯ ಹಿಂದೆ ಒಬ್ಬಳು ಗುಮಾಸ್ತೆ ಕೂತಿದ್ದಳು. ಮಾಸ್ಕ್, ಅದರ ಮೇಲೆ ಪ್ಲಾಸ್ಟಿಕ್ಕಿನ ಪರದೆ, ಕೈಗೆ ಗ್ಲೌಸು. ಅವಳ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ, ಆದರೆ ಅದನ್ನು ಎತ್ತಿ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಪೊದೆಯ ಗುರುತಿನ ಚೀಟಿಯನ್ನು ಒಮ್ಮೆ, ಪೊದೆಯನ್ನು ಒಮ್ಮೆ ನೋಡಿದಳು.

"ಈ ಫೋಟೋದಲ್ಲಿ ಇರೋರು ಯಾರು?"

"ನಾನೇ ಮೇಡಂ."

"ಹಾಗಾದ್ರೆ ಇಲ್ಲಿ ನಿಂತಿರೋರು ಯಾರು?"

ಹಣೆಯ ಮೇಲಿನಿಂದ ಕೂದಲು ಇಳಿದಿತ್ತು, ಗಲ್ಲದ ಕೆಳಗಿನಿಂದ ಮಾಸ್ಕ್ ಏರಿತ್ತು. ಎರಡರ ನಡುವೆ ಇದ್ದದ್ದು ಎರಡು ಕಣ್ಣು. ಒಳಗೆ ಮಾಸ್ಕ್ ತೆಗೆಯಬಾರದು ಅಂತ ಗೋಡೆಯ ತುಂಬ ಬರೆದಿತ್ತು. ಕಣ್ಣನ್ನಾದರೂ ನೋಡಿ ಅಂತ ಪೊದೆ ಬೇಡಿಕೊಂಡ.

"ಕಣ್ಣು ಎಲ್ರಿಗೂ ಎರಡೇ ಇರುತ್ತೆ," ಅಂದಳು ಗುಮಾಸ್ತೆ.

ಹಿಂದೆ ನಿಂತಿದ್ದ ಹುಡುಗಿಯಿಂದ ರಬ್ಬರ್ ಬ್ಯಾಂಡ್ ಇಸಿದುಕೊಂಡು ಅವನು ಕೂದಲನ್ನು ಜುಟ್ಟು ಕಟ್ಟಿದ. ಗುಮಾಸ್ತೆ ಮತ್ತೆ ನೋಡಿದಳು. "ಈಗ ಇವರ ಅಕ್ಕನ ಥರ ಕಾಣ್ತಿದೀರ. ಅಕ್ಕನಿಗೆ ಪಾಸಿಲ್ಲ. ಒಂದೋ ಫೋಟೋ ಬದಲಾಯಿಸ್ಕೊಂಡು ಬನ್ನಿ, ಇಲ್ಲಾ ತಲೆ ಬದಲಾಯಿಸ್ಕೊಂಡು ಬನ್ನಿ. ಫೋಟೋ ಬದಲಾಯಿಸೋ ಕಚೇರಿ ರಜೆ ಮುಗಿದ ಮೇಲೆ ತೆಗೆಯುತ್ತೆ."

ಬಸ್ಸಿಗೆ ನಲವತ್ತು ನಿಮಿಷ ಇತ್ತು.

ಅವನ ಕೋಣೆಯ ಜೊತೆಗಾರ ಪಶುವೈದ್ಯಕೀಯ ಓದುತ್ತಿದ್ದ. ಹಾಸ್ಟೆಲ್ಲಿನಲ್ಲಿ ಎಲ್ಲರೂ ಅವನನ್ನು ಡಾಕ್ಟ್ರು ಅಂತ ಕರೆದು ಈಗಲೇ ಹಾಳುಮಾಡಿದ್ದರು. ಅವನೂ ಅದೇ ಬಸ್ಸಿಗೆ ಹೊರಟಿದ್ದ, ಅವನ ಚೀಲದಲ್ಲಿ ಕುರಿಯ ಉಣ್ಣೆ ಕತ್ತರಿಸುವ ಯಂತ್ರ ಇತ್ತು. ರಜೆಯಲ್ಲಿ ಅಭ್ಯಾಸ ಮಾಡಲಿಕ್ಕೆ ಅಂತ ಒಯ್ಯುತ್ತಿದ್ದ. ಅಭ್ಯಾಸ ಅಷ್ಟು ಬೇಗ ಶುರುವಾಗುತ್ತದೆ ಅಂತ ಅವನೂ ಎಣಿಸಿರಲಿಲ್ಲ.

ಸೈಕಲ್ ನಿಲ್ಲಿಸುವ ಜಾಗದ ಹಿಂದೆ ಒಂದು ಬಕೆಟ್ ಬೋರಲು ಹಾಕಿ ಪೊದೆಯನ್ನು ಕೂರಿಸಿದರು.

"ಕುರಿ ಆಗಿದ್ರೆ ಮಂಡಿ ನಡುವೆ ಸಿಕ್ಕಿಸ್ಕೋತಿದ್ದೆ," ಅಂದ ಡಾಕ್ಟ್ರು. "ನೀನು ಮನುಷ್ಯ ಅಂತ ಮರ್ಯಾದೆ ಕೊಡ್ತಿದೀನಿ. ಅಲ್ಲಾಡಬೇಡ."

"ನಿಧಾನ ಕಣೋ."

"ನಿಧಾನ ಮಾಡಿದ್ರೆ ಕುರಿ ಗಾಬರಿ ಬೀಳುತ್ತೆ. ನಮ್ಮ ಪ್ರೊಫೆಸರ್ ಹೇಳ್ಕೊಟ್ಟಿರೋದೇ ಹಾಗೆ."

ಫೋಟೋ ಮುಂದಿನಿಂದ ತೆಗೆದದ್ದಾಗಿದ್ದರಿಂದ ಡಾಕ್ಟ್ರು ಮುಂಭಾಗಕ್ಕೆ ಕತ್ತರಿ ಹಿಡಿದು ಮೂವತ್ತು ನಿಮಿಷ ಶ್ರದ್ಧೆಯಿಂದ ದುಡಿದ. ಹಿಂಭಾಗಕ್ಕೆ ಉಳಿದದ್ದು ಮೂರು ನಿಮಿಷ. ಅಲ್ಲಿ ಯಂತ್ರ ಓಡಿತು. ನೆಲದ ಮೇಲೆ ಬಿದ್ದ ಏಳು ತಿಂಗಳ ಕೂದಲನ್ನು ಪೊದೆ ಒಮ್ಮೆ ತಿರುಗಿ ನೋಡಿದ. ಆದರೆ ಕೊರಗಲಿಕ್ಕೂ ಪುರಸೊತ್ತು ಬೇಕಲ್ಲ. ಓಡಿದ. ಗುಮಾಸ್ತೆ ಚೀಟಿ ನೋಡಿ, ಮುಖ ನೋಡಿ, "ಈಗ ನೀವೇ," ಅಂತ ಮುದ್ರೆ ಒತ್ತಿದಳು. ಹಿಂದಲೆಯ ವಿಚಾರ ಯಾವ ಕಚೇರಿಗೂ ಬೇಕಿರಲಿಲ್ಲ.

ಬಸ್ಸಿನಲ್ಲಿ ಒಂದು ಸೀಟು ಬಿಟ್ಟು ಒಂದು ಸೀಟಿನಲ್ಲಿ ಕೂರಿಸಿದ್ದರು. ಚಾಲಕ ಪ್ಲಾಸ್ಟಿಕ್ ಪರದೆಯ ಹಿಂದೆ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಬೊಂಬೆಯಂತೆ ಕಾಣುತ್ತಿದ್ದ. ಏಳು ತಿಂಗಳಿಂದ ಕೋಣೆಗಳಲ್ಲಿ ಕೊಳೆತ ಹುಡುಗ ಹುಡುಗಿಯರು ಮನೆಗೆ ಹೊರಟ ಹುರುಪಿನಲ್ಲಿ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಪೊದೆಯ ಹಿಂದೆ ಕೂತವರಿಗಂತೂ ಪುಕ್ಕಟೆ ಮನರಂಜನೆ. "ಹಿಂದಲೇಲಿ ಮೆಟ್ಟಿಲು ಎಷ್ಟಿದೆ ಎಣಿಸ್ರೋ," ಅಂತ ಒಬ್ಬ ಅಂದರೆ, ರಬ್ಬರ್ ಬ್ಯಾಂಡ್ ಕೊಟ್ಟ ಹುಡುಗಿ, "ನಾಲ್ಕು. ಐದನೇದು ಕಟ್ಟೋ ಮುಂಚೆ ಕಾಮಗಾರಿ ನಿಂತೋಗಿದೆ," ಅಂದಳು. ಡಾಕ್ಟ್ರು ಹಿಂದಿನ ಸೀಟಿನಿಂದ, "ಅಷ್ಟೊಂದು ಕೆಟ್ಟದಾಗಿದ್ಯಾ?" ಅಂತ ನಿಜವಾಗಿ ನೊಂದುಕೊಂಡು ಕೇಳಿದ.

ಪೊದೆ ನಗುತ್ತಲೇ ಇದ್ದ. ಅಪ್ಪ ನಾಲ್ಕು ದಿನ ಮುನಿಸಿಕೊಳ್ಳುತ್ತಾನೆ, ಐದನೆಯ ದಿನ ಸರಿಹೋಗುತ್ತಾನೆ ಅಂತ ಲೆಕ್ಕ ಹಾಕಿದ್ದ. ಅಷ್ಟರಲ್ಲಿ ಅಮ್ಮನ ಫೋನು ಬಂತು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. ಹಿಂದೆ ದೊಡ್ಡ ಯಂತ್ರಗಳು ಗುಡುಗುತ್ತಿದ್ದದ್ದರಿಂದ ಅಲ್ಲಿಂದ ಯಾವಾಗಲೂ ಕಿರುಚಿಯೇ ಮಾತಾಡುತ್ತಿದ್ದಳು. ಈ ಸಲ ಮೆಲ್ಲಗೆ ಮಾತಾಡಿದಳು.

"ಬಸ್ ಹತ್ತಿದ್ಯಾ? ಕೂತ್ಕೊಂಡಿದ್ಯಾ? ಒಂದು ವಿಷಯ ಹೇಳ್ಬೇಕಿತ್ತು. ನಿನ್ನ ಪರೀಕ್ಷೆ ಅಂತ ಹೇಳಿರ್ಲಿಲ್ಲ. ಎದುರಂಗಡಿ ಮಾವ ಹೋಗ್ಬಿಟ್ರು ಕಣೋ. ಮೂರು ತಿಂಗಳಾಯ್ತು. ಇದೇ ಕಾಯಿಲೆ. ನಮ್ಮ ಆಸ್ಪತ್ರೇಲೇ."

ಎದುರಂಗಡಿ ಮಾವ ಅಂದರೆ ಸಂಬಂಧದಲ್ಲಿ ಮಾವನಲ್ಲ. ಅಪ್ಪನ ಅಂಗಡಿಗೆ ಸರಿ ಎದುರಿಗೆ, ಬೀದಿಯ ಆ ಬದಿಗೆ, ಅವನದೂ ಒಂದು ಕ್ಷೌರದಂಗಡಿ. ಮೂವತ್ತು ವರ್ಷ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಬೀದಿಯ ಅಡ್ಡಕ್ಕೆ ಬೈದಾಡಿಕೊಂಡೇ ಬದುಕಿದ್ದರು. "ಅಲ್ಲಿ ಹೋಗಬೇಡಿ ಸ್ವಾಮಿ, ಕಿವಿ ಎರಡೂ ವಾಪಸು ಬರೋ ಖಾತ್ರಿ ಇಲ್ಲ," ಅಂತ ಇವನು. "ಅವನ ಕತ್ತರಿಗಿಂತ ಅವನ ನಾಲಿಗೇನೇ ಹರಿತ, ಅದರಲ್ಲೇ ಕತ್ತರಿಸ್ಕೊಂಡು ಬನ್ನಿ," ಅಂತ ಅವನು. ಗಿರಾಕಿಗಳು ಕೂದಲಿಗೆ ಬರುತ್ತಿದ್ದರೋ ಜಗಳ ಕೇಳಲಿಕ್ಕೆ ಬರುತ್ತಿದ್ದರೋ ಹೇಳುವುದು ಕಷ್ಟ. ವಾರದ ರಜೆಯ ದಿನ ಮಾತ್ರ ಎರಡೂ ಶಟರು ಇಳಿದ ಮೇಲೆ ಒಬ್ಬ ಇನ್ನೊಬ್ಬನ ಅಂಗಡಿಗೆ ಹಿಂಬಾಗಿಲಿನಿಂದ ಹೋಗುತ್ತಿದ್ದ. ಅಪ್ಪನ ತಲೆ ಮಾವ ಮಾಡುತ್ತಿದ್ದ, ಮಾವನ ತಲೆ ಅಪ್ಪ ಮಾಡುತ್ತಿದ್ದ. ಕ್ಷೌರಿಕನ ತಲೆಯನ್ನು ಯಾರಾದರೂ ಮಾಡಲೇಬೇಕಲ್ಲ.

"ಅಂಗಡಿ ತೆಗೀಬಹುದು ಅಂತ ಅನುಮತಿ ಬಂದು ಒಂದು ತಿಂಗಳಾಯ್ತು," ಅಂದಳು ಅಮ್ಮ. "ನಿಮ್ಮಪ್ಪ ಶಟರು ಮುಟ್ಟಿಲ್ಲ. ಕತ್ತರಿ ಮುಟ್ಟಿಲ್ಲ. ಗಿರಾಕಿ ಬಂದು ಕದ ತಟ್ಟಿದ್ರೆ ಜ್ವರ ಅಂತ ಹೇಳ್ಸಿ ಕಳಿಸ್ತಾರೆ. ಅಂಗಡಿ ಮಾರಿಬಿಡೋಣ ಅಂತ ಒಂದು ದಿನ ಅಂದ್ರು. ನಾನು ಅತ್ತುಬಿಟ್ಟೆ. ಆಮೇಲೆ ಹೇಳಿದ್ರು, ಅವನು ಬರ್ಲಿ, ಅವನ ತಲೆ ಮಾಡ್ತೀನಿ, ಕೈ ಬಂದ್ರೆ ಅಂಗಡಿ ತೆಗೀತೀನಿ, ಬರ್ಲಿಲ್ಲಾಂದ್ರೆ ಇಲ್ಲ ಅಂತ. ಆ ಕೂದಲು ನೋಡೋಕೇ ವಾರಾವಾರ ಕಾಯೋದು ಕಣೋ ಅವರು. ಮೊನ್ನೆ ಕತ್ತರಿಗೆ ಎಣ್ಣೆ ಹಾಕಿ ಒರೆಸಿ ಇಟ್ಟಿದಾರೆ. ನೀನು ಹಾಗೇ ಬಾ, ಎಣ್ಣೆನೂ ಹಚ್ಚಬೇಡ, ಹಾಗೇ ಬಾ."

ಪೊದೆಯ ಕೈ ತನ್ನಷ್ಟಕ್ಕೆ ಹಿಂದಲೆಗೆ ಹೋಯಿತು. ನಾಲ್ಕು ಮೆಟ್ಟಿಲೂ ಬೆರಳಿಗೆ ಸಿಕ್ಕವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು. ಮಾವನಿಗಾಗಿ ಅಳು ಬಂತು, ಅಪ್ಪನಿಗಾಗಿ ಅಳು ಬಂತು, ಸೈಕಲ್ ಶೆಡ್ಡಿನ ಹಿಂದೆ ಬಿಟ್ಟು ಬಂದ ಕೂದಲಿಗಾಗಿಯೂ ಬಂತು. ಮಾಸ್ಕ್ ಹಾಕಿಕೊಂಡು ಅಳುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ಅವನಿಗೆ ಆವತ್ತು ತಿಳಿಯಿತು.

ವಿಷಯ ತಿಳಿದ ಮೇಲೆ ಬಸ್ಸೆಲ್ಲ ಗಂಭೀರವಾಗಿ ಸಲಹೆ ಕೊಡತೊಡಗಿತು. ಪರೀಕ್ಷೆಯ ಭಯಕ್ಕೆ ಉದುರಿತು ಅನ್ನು. ಹೇನಾಗಿತ್ತು ಅನ್ನು. ಡಾಕ್ಟ್ರು, "ನಾನೇ ಬಂದು ಅಪ್ಪನ ಕಾಲಿಗೆ ಬೀಳ್ತೀನಿ, ಆದ್ರೆ ಎರಡು ಮೀಟರ್ ದೂರದಿಂದ," ಅಂದ. ಕೊನೆಗೆ ಆ ಹುಡುಗಿ ತನ್ನ ಚೀಲದಿಂದ ಒಂದು ಉಣ್ಣೆಯ ಟೋಪಿ ತೆಗೆದು ಕೊಟ್ಟಳು. ಕೂದಲು ದಿನಕ್ಕೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಬೆಳೆಯುತ್ತದೆ, ಮನೆಯಲ್ಲಿ ಹತ್ತು ದಿನ ಪ್ರತ್ಯೇಕವಾಗಿ ಇರಬೇಕು, ಅಂದರೆ ನಾಲ್ಕು ಮಿಲಿಮೀಟರು ಅಂತ ಪೊದೆ ಲೆಕ್ಕ ಹಾಕಿದ. ಸಂಖ್ಯಾಶಾಸ್ತ್ರ ಓದಿದ್ದಕ್ಕೆ ಅಷ್ಟು ದುಃಖ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಮನೆಯಲ್ಲಿದ್ದದ್ದು ಎರಡೇ ಕೋಣೆ. ಹೊರಗಿನಿಂದ ಬಂದವನನ್ನು ಬೇರೆಯಾಗಿ ಇಡಬೇಕಾದರೆ ಇದ್ದ ಜಾಗ ಒಂದೇ, ಮನೆಗೆ ಅಂಟಿಕೊಂಡಿದ್ದ ಅಪ್ಪನ ಅಂಗಡಿ. ಶಟರು ಇಳಿದೇ ಇತ್ತು. ಒಳಗಿನಿಂದ ಒಂದು ಬಾಗಿಲು ಮನೆಗೆ ತೆರೆಯುತ್ತಿತ್ತು. ಅಪ್ಪ ಅಂಗಡಿಯ ಎರಡು ಕುರ್ಚಿಗಳನ್ನು ಗೋಡೆಗೆ ಸರಿಸಿ ನಡುವೆ ಹಾಸಿಗೆ ಹಾಸಿದ್ದ. ಬಾಚಣಿಗೆಗಳು ಗಾಜಿನ ಲೋಟದಲ್ಲಿ, ಮಡಿಸಿದ ಬಿಳಿ ಬಟ್ಟೆಗಳು ಅಟ್ಟಣಿಗೆಯಲ್ಲಿ, ಕತ್ತರಿಗಳು ಒಂದು ಟವೆಲಿನ ಮೇಲೆ ಎತ್ತರದ ಪ್ರಕಾರ ಸಾಲಾಗಿ ಮಲಗಿದ್ದವು.

ಪೊದೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಳಗೆ ಬಂದ. ಅಪ್ಪ ಬಾಗಿಲಲ್ಲಿ ಎರಡು ಮೀಟರು ದೂರ ನಿಂತಿದ್ದ. ವಿಚಿತ್ರವೆಂದರೆ ಅಪ್ಪನ ತಲೆಯ ಮೇಲೂ ಒಂದು ಉಣ್ಣೆಯ ಟೋಪಿ ಇತ್ತು, ಅದೂ ಹುಬ್ಬಿನವರೆಗೆ ಇಳಿದಿತ್ತು. ಕಣ್ಣಷ್ಟೇ ಕಾಣುವ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಸಣ್ಣಗಾಗಿದ್ದೀಯ," ಅಂದ ಅಪ್ಪ.

"ನೀನೂ ಆಗಿದ್ದೀಯ."

"ಟೋಪಿ ಯಾಕೆ?"

"ಚಳಿ. ನಿಂಗ್ಯಾಕೆ?"

"ಚಳಿ," ಅಂದ ಅಪ್ಪ. "ಒಳ್ಳೇದು, ಮುಚ್ಚಿಡು. ಹತ್ತು ದಿನ ಆಗ್ಲಿ. ಆಮೇಲೆ ತೆಗೀತೀಯಂತೆ." ಹಾಗೆ ಹೇಳುವಾಗ ಅವನ ಕಣ್ಣು ಟವೆಲಿನ ಮೇಲಿದ್ದ ಕತ್ತರಿಗಳ ಕಡೆ ಹೋಗಿ ಬಂತು. ಪೊದೆಗೆ ನೆಲ ಬಿರಿದು ಒಳಗೆ ಸೇರಿಕೊಳ್ಳಬಾರದೇ ಅನ್ನಿಸಿತು.

ಎರಡು ದಿನ ಸಾಗಿತು. ಬೆಳಿಗ್ಗೆ ಅಪ್ಪ ತಿಂಡಿಯ ತಟ್ಟೆ ತಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದ. ಪೊದೆ ಟೋಪಿ ಹಾಕಿಕೊಂಡೇ ತಿನ್ನುತ್ತಿದ್ದ, ಟೋಪಿ ಹಾಕಿಕೊಂಡೇ ಮಲಗುತ್ತಿದ್ದ. ಮೂರನೆಯ ದಿನ ತುರಿಕೆ ತಡೆಯಲಾರದೆ ಟೋಪಿಯನ್ನು ಆ ಕಡೆಯ ಕುರ್ಚಿಯ ಮೇಲೆ ಎಸೆದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಟೋಪಿಗೆ ಕೈ ಎಟುಕುವಂತಿರಲಿಲ್ಲ. ಆದರೂ ಪೊದೆ ಧೈರ್ಯಗೆಡಲಿಲ್ಲ. ಒದ್ದೆ ಕೂದಲನ್ನು ಹಿಂದಕ್ಕೆ ಒತ್ತಿ ಹಿಡಿದುಕೊಂಡು ಗಕ್ಕನೆ ಬಾಗಿಲ ಕಡೆ ತಿರುಗಿ, ಕವಾಯತಿಗೆ ನಿಂತ ಪೊಲೀಸಿನವನಂತೆ ನೆಟ್ಟಗೆ ನಿಂತ. ಮುಂಭಾಗಕ್ಕೆ ಡಾಕ್ಟ್ರು ಮೂವತ್ತು ನಿಮಿಷ ದುಡಿದಿದ್ದನಲ್ಲ, ನೋಡಿದರೆ ಉದ್ದದ ಕೂದಲನ್ನು ಹಿಂದಕ್ಕೆ ಬಾಚಿದ ಹಾಗೇ ಕಂಡೀತು ಅಂತ ಅವನ ಅಂದಾಜು.

ಕ್ಷೌರಿಕನ ಮಗನಾಗಿ ಅವನು ಮರೆತದ್ದು ಒಂದೇ ಒಂದು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ, ಆದರೆ ಹಿಂದಲೆಗೆ ಬೇಕೇ ಬೇಕು ಅಂತಲೇ ಆ ಅಂಗಡಿಯ ಗೋಡೆಗಳನ್ನು ಕಟ್ಟಿದ್ದು. ಹಿಂದೊಂದು ಕನ್ನಡಿ, ಮುಂದೊಂದು ಕನ್ನಡಿ. ಅಪ್ಪ ಮಗನ ಮುಖ ನೋಡುತ್ತಿರಲಿಲ್ಲ. ಮಗನ ಹೆಗಲ ಮೇಲಿಂದ ಆಚೆಗೆ ನೋಡುತ್ತಿದ್ದ. ಅಲ್ಲಿ ನಾಲ್ಕು ಮೆಟ್ಟಿಲಿನ ತಲೆಗಳು ಒಂದರ ಹಿಂದೆ ಒಂದು ಕಣ್ಣು ಹಾಯುವಷ್ಟು ದೂರ ಸಾಲುಗಟ್ಟಿದ್ದವು.

"ಯಾರ ಕೈ ಅದು?" ಅಂದ ಅಪ್ಪ.

"ಅಪ್ಪ, ಪಾಸು ಕೊಡ್ಲಿಲ್ಲ. ಫೋಟೋಗೂ ನಂಗೂ ಹೊಂದ್ತಿಲ್ಲ ಅಂದ್ರು. ಬಸ್ಸಿಗೆ ನಲವತ್ತು ನಿಮಿಷ ಇತ್ತು. ನಂಗೆ ಮನೆಗೆ ಬರ್ಬೇಕಿತ್ತು."

"ಯಾರ ಕೈ ಅಂತ ಕೇಳಿದೆ."

"ನನ್ನ ಕೋಣೆಯವನು. ದನದ ಡಾಕ್ಟ್ರು ಓದ್ತಿದಾನೆ. ಕುರಿ ಮೆಷಿನ್ನು."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟ, ಟವೆಲನ್ನು ಕತ್ತರಿಗಳ ಸಮೇತ ಸುರುಳಿ ಸುತ್ತಿದ, ಡ್ರಾಯರಿನೊಳಗೆ ಹಾಕಿ ಮುಚ್ಚಿದ. "ಮನೆಗೆ ಬಂದ್ಯಲ್ಲ, ಅದೇ ಸಾಕು," ಅಂತ ಹೇಳಿ ಹೋದ. ನಿಯಮದ ಎರಡು ಮೀಟರನ್ನು ಆವತ್ತು ಅವನು ಮೊದಲ ಸಲ ಮುರಿದಿದ್ದ, ಅದು ಇಬ್ಬರಿಗೂ ಗೊತ್ತಾಗಲಿಲ್ಲ.

ಅಂದಿನಿಂದ ತಟ್ಟೆ ತರುವವಳು ಅಮ್ಮ. ಅಪ್ಪ ಹಿತ್ತಲಲ್ಲಿ ಕೂತಿದ್ದಾನೆ ಅನ್ನುತ್ತಿದ್ದಳು, ಮಲಗಿದ್ದಾನೆ ಅನ್ನುತ್ತಿದ್ದಳು. ಆರನೆಯ ದಿನ ಯಾರೋ ಅಂಗಡಿ ಕೊಳ್ಳುವವರ ಫೋನ್ ನಂಬರು ಹುಡುಕುತ್ತಿದ್ದ ಅಂದಳು. ಪೊದೆ ತಟ್ಟೆಯನ್ನು ಹಾಗೇ ಸ್ಟೂಲಿನ ಮೇಲೆ ವಾಪಸು ಇಟ್ಟ. ಒಂದು ಬಸ್ಸಿಗಾಗಿ ಅಪ್ಪನ ಅಂಗಡಿಯನ್ನೇ ಕೊಟ್ಟು ಬಂದೆನಲ್ಲ ಅಂತ ಕನ್ನಡಿಗಳ ಮಧ್ಯೆ ಕೂತು ಮರುಗಿದ. ಆ ಕೋಣೆಯಲ್ಲಿ ಮರುಗುವುದೂ ಒಂದು ಶಿಕ್ಷೆ, ಯಾವ ಕಡೆ ತಿರುಗಿದರೂ ಮರುಗುವವನೇ ಕಾಣುತ್ತಿದ್ದ.

"ಅಪ್ಪ ಯಾಕಮ್ಮ ಮನೆಯೊಳಗೂ ಟೋಪಿ ಹಾಕೊಂಡಿರೋದು?" ಅಂತ ಒಂಬತ್ತನೆಯ ದಿನ ಕೇಳಿದ.

"ಮಾವ ಆಸ್ಪತ್ರೆಗೆ ಸೇರೋ ಹಿಂದಿನ ವಾರ ಮಾಡಿದ್ದು ಕೊನೆ," ಅಂದಳು ಅಮ್ಮ. "ಆಮೇಲೆ ಯಾರ ಕೈಗೂ ತಲೆ ಕೊಟ್ಟಿಲ್ಲ. ನಾನು ಕೇಳ್ದೆ. ಬಾಯಿ ಮುಚ್ಕೊಂಡಿರು ಅಂದ್ರು. ಮೂವತ್ತು ವರ್ಷದಲ್ಲಿ ನಂಗೆ ಹಾಗೆ ಅಂದಿರ್ಲಿಲ್ಲ."

ಹತ್ತನೆಯ ದಿನದ ಪರೀಕ್ಷೆಯಲ್ಲಿ ರೋಗ ಇಲ್ಲ ಅಂತ ಬಂತು. ಹನ್ನೊಂದನೆಯ ದಿನ ಬೆಳಿಗ್ಗೆ ಅಪ್ಪ ಹಾಸಿಗೆ ಸುತ್ತಿಡಲಿಕ್ಕೆ ಅಂಗಡಿಯೊಳಗೆ ಬಂದಾಗ, ಪೊದೆ ಹಾಸಿಗೆಯನ್ನು ಆಗಲೇ ಸುತ್ತಿಟ್ಟು, ಒಂದು ಕುರ್ಚಿಯನ್ನು ಕನ್ನಡಿಯ ಮುಂದಕ್ಕೆ ಎಳೆದು, ಬಿಳಿ ಬಟ್ಟೆ ಕೊಡವಿಕೊಂಡು ನಿಂತಿದ್ದ. ಡ್ರಾಯರಿನಿಂದ ಕತ್ತರಿಗಳನ್ನು ಹೊರಗೆ ತೆಗೆದಿದ್ದ.

"ಕೂತ್ಕೋ ಅಪ್ಪ," ಅಂದ.

"ಏನು?"

"ನನ್ನ ತಲೇಲಿ ಕೂದಲಿಲ್ಲ. ತಪ್ಪು ನಂದೇ. ಈ ಮನೇಲಿ ಕತ್ತರಿಸೋಕೆ ಕೂದಲಿರೋ ತಲೆ ನಿಂದೊಂದೇ. ಕೂತ್ಕೋ."

"ನಿಂಗೆ ಕತ್ತರಿ ಹಿಡಿಯೋಕೆ ಬರುತ್ತಾ?"

"ಇಲ್ಲ. ನೀನು ಕಲಿಸ್ಲಿಲ್ಲ. ಓದು ಅಂದೆ, ಓದಿದೆ."

"ನನ್ನ ತಲೆ ಹಾಳಾಗುತ್ತೆ."

"ನಂದು ನೋಡು," ಅಂತ ಪೊದೆ ತಿರುಗಿ ಹಿಂದಲೆ ತೋರಿಸಿದ. "ಇದಕ್ಕಿಂತ ಹಾಳಾಗೋಕೆ ಸಾಧ್ಯ ಇದ್ಯಾ? ಅಪ್ಪ, ಯಾರಾದ್ರೂ ಮಾಡ್ಲೇಬೇಕಲ್ಲಪ್ಪ. ಮಾವ ಬರಲ್ಲ."

ಆ ಮಾತು ಆ ಮನೆಯಲ್ಲಿ ಮೂರು ತಿಂಗಳಿಂದ ಯಾರೂ ಆಡಿರಲಿಲ್ಲ. ಅಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡ. ಆಮೇಲೆ ಕೂತ. ಟೋಪಿ ತೆಗೆದ. ಒತ್ತಿ ಒತ್ತಿ ಚಪ್ಪಟೆಯಾದ ಕೂದಲು, ಅರ್ಧಕ್ಕರ್ಧ ಬೆಳ್ಳಗಾಗಿತ್ತು, ಕತ್ತಿನ ಮೇಲೆ ಸುರುಳಿ ಸುತ್ತಿತ್ತು.

ಪೊದೆ ಬಟ್ಟೆ ಹೊದಿಸಿ, ಬಾಚಣಿಗೆ ಹಿಡಿದು, ಎಡಗೈಯನ್ನು ಅಪ್ಪನ ನೆತ್ತಿಯ ಮೇಲಿಟ್ಟ. ಇಟ್ಟವನು ಹಾಗೇ ನಿಂತುಬಿಟ್ಟ. ಇಪ್ಪತ್ತು ವರ್ಷ ತಿಂಗಳು ತಿಂಗಳು ಅಪ್ಪ ಅವನ ತಲೆಯನ್ನು ಹಿಡಿದು ತಿರುಗಿಸಿದ್ದ, ಬಗ್ಗಿಸಿದ್ದ, ಎತ್ತಿದ್ದ. ಅವನು ಅಪ್ಪನ ತಲೆಯನ್ನು ಮುಟ್ಟಿದ್ದು ಅದೇ ಮೊದಲು. ಅವನು ಅಂದುಕೊಂಡದ್ದಕ್ಕಿಂತ ಎಷ್ಟೋ ಚಿಕ್ಕದಾಗಿತ್ತು, ಬೆಚ್ಚಗಿತ್ತು. ಮೆಲ್ಲನೆ ಒತ್ತಿದರೆ ಮಗುವಿನ ತಲೆಯಂತೆ ಹೇಳಿದ ಕಡೆ ಬಾಗುತ್ತಿತ್ತು. ಅಪ್ಪನ ಮೇಲೆ ಅವನಿಗೆ ಇದ್ದ ಪ್ರೀತಿಯೆಲ್ಲ ಆ ಗಳಿಗೆಯಲ್ಲಿ ಅಂಗೈಗೆ ಬಂತು.

ಬಟ್ಟೆಯ ಕೆಳಗೆ ಅಪ್ಪನ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾನೆ ಅಂತ ಪೊದೆ ಕನ್ನಡಿ ನೋಡಿದ. ಅಪ್ಪ ಅಳುತ್ತಿದ್ದ. ಕಣ್ಣು ಮುಚ್ಚಿಕೊಂಡು, ಶಬ್ದವಿಲ್ಲದೆ, ಬಟ್ಟೆಯೊಳಗೆ ಸಿಕ್ಕಿಕೊಂಡ ಕೈಯಿಂದ ಒರೆಸಿಕೊಳ್ಳಲೂ ಆಗದೆ ಅಳುತ್ತಿದ್ದ.

"ನಿಂತ್ಕೋಬೇಡ," ಅಂದ ಕೊನೆಗೆ. "ಕತ್ತರಿಸು. ಗಿರಾಕಿ ಅತ್ತ ಅಂತ ಕೆಲಸ ನಿಲ್ಲಿಸಬಾರದು."

ಪೊದೆ ಕತ್ತರಿಸಿದ. ಕತ್ತರಿಸಿದ ಅನ್ನುವುದು ದೊಡ್ಡ ಮಾತು. ಅಪ್ಪ ಕನ್ನಡಿಯೊಳಗಿನಿಂದ ನಿರ್ದೇಶನ ಕೊಡುತ್ತಿದ್ದ, ಹೆಬ್ಬೆರಳು ಮಾತ್ರ ಆಡಿಸು, ಮಣಿಕಟ್ಟು ಆಡಿಸಬೇಡ, ಅಯ್ಯೋ, ಬಾಚಣಿಗೆ ಮೇಲೆ, ಮೇಲೆ ಅಂದೆನಲ್ಲ. ಮಗ ಎಡಗಡೆ ಸ್ವಲ್ಪ ಜಾಸ್ತಿ ತೆಗೆದ, ಸರಿದೂಗಿಸಲಿಕ್ಕೆ ಬಲಗಡೆ ತೆಗೆದ, ಅದು ಜಾಸ್ತಿಯಾಯಿತು ಅಂತ ಮತ್ತೆ ಎಡಕ್ಕೆ ಬಂದ. ಅರ್ಧ ಗಂಟೆಯಲ್ಲಿ ಅಪ್ಪನ ತಲೆಗೂ ಮೆಟ್ಟಿಲು ಬಂದವು. ಡಾಕ್ಟ್ರು ಮಾಡಿದವಾದರೂ ಸಮನಾಗಿದ್ದವು, ಇವಕ್ಕೆ ಆ ಶಿಸ್ತೂ ಇರಲಿಲ್ಲ.

ಅಮ್ಮ ಚಹಾ ತಂದವಳು ಬಾಗಿಲಲ್ಲೇ ನಿಂತು ಎರಡು ತಲೆಗಳನ್ನೂ ನೋಡಿದಳು. "ಚೆನ್ನಾಗಿದೆ," ಅಂದಳು. "ಅಂಗಡಿ ಮಾರೋದೇ ಬೇಡ. ನೀವಿಬ್ರೂ ಹೊರಗೆ ನಿಂತ್ರೆ ಬೀದಿಯವರೇ ಬಂದು ಮುಚ್ಚಿಸ್ತಾರೆ."

ಕೂದಲು ಗುಡಿಸಿ ಹಾಕಲಿಕ್ಕೆ ಅಂತ ಅಪ್ಪ ಶಟರನ್ನು ಅರ್ಧ ಎತ್ತಿದ. ಅಷ್ಟಕ್ಕೇ ಕಾದಿದ್ದಂತೆ ಬೀದಿಯ ಕೊನೆಯ ಮನೆಯ ನಿವೃತ್ತ ಮೇಷ್ಟ್ರು ಬಗ್ಗಿ ಒಳಗೆ ಇಣುಕಿದರು. ಮೂವತ್ತು ವರ್ಷ ಎದುರಂಗಡಿ ಮಾವನ ಗಿರಾಕಿ, ಈ ಅಂಗಡಿಯ ಹೊಸಿಲು ತುಳಿದವರೇ ಅಲ್ಲ. ಕೂದಲು ಕಿವಿ ಮುಚ್ಚಿ ಇಳಿದಿತ್ತು. ಅವರು ಅಪ್ಪನ ತಲೆಯನ್ನು ದಿಟ್ಟಿಸಿ ನೋಡಿದರು.

"ಯಾರು ಮಾಡಿದ್ದು ಅದು?"

ಅಪ್ಪ ಬೆನ್ನು ನೆಟ್ಟಗೆ ಮಾಡಿದ. "ನನ್ನ ಮಗ," ಅಂದ. ಮಗನಿಗೆ ಚಿನ್ನದ ಪದಕ ಬಂದಿದ್ದರೂ ಅದಕ್ಕಿಂತ ಹೆಮ್ಮೆಯಿಂದ ಹೇಳುತ್ತಿರಲಿಲ್ಲ.

"ಹಾಗಾದ್ರೆ ನಂಗೆ ನೀವೇ ಮಾಡಿ," ಅಂದರು ಮೇಷ್ಟ್ರು.

ಅಪ್ಪ ಪೊರಕೆ ಕೆಳಗಿಟ್ಟ. ಎದುರಿನ ಮುಚ್ಚಿದ ಶಟರನ್ನು ನೋಡಿದ. ಅಮ್ಮನ ಕೈಯಲ್ಲಿ ಚಹಾ ಆರುತ್ತಿತ್ತು. "ಬನ್ನಿ, ಕೂತ್ಕೊಳ್ಳಿ," ಅಂದ ಅಪ್ಪ. ಬೇರೆ ಬಟ್ಟೆ ಕೊಡವಿ ಹೊದಿಸಿದ. ಕೈ ತೊಳೆದ. ಕತ್ತರಿ ಎತ್ತಿಕೊಂಡ.

ಎಡಗಡೆ ಮುಗಿಯಿತು, ಹಿಂದೆ ಮುಗಿಯಿತು. ಕೈ ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇತ್ತು. ಅಪ್ಪ ಬಲಗಡೆಗೆ ಬಂದ. "ಮೇಷ್ಟ್ರೇ, ಕೋಪ ಮಾಡ್ಕೋಬೇಡಿ," ಅಂದ. "ಅವನು ಮೂವತ್ತು ವರ್ಷ ನಿಮಗೆ ಬಲಗಡೆ ಉದ್ದ ಬಿಟ್ಟು ಕಳಿಸ್ದ. ನಾನು ಇಲ್ಲಿಂದ ಕೂಗಿ ಹೇಳ್ತಿದ್ದೆ, ಲೋ ನಿಂಗೆ ಬಲಗಣ್ಣು ಕಾಣಲ್ವೇನೋ, ಓರೆ ಆಗಿದೆ ನೋಡೋ ಅಂತ. ಬೀದಿಯೆಲ್ಲ ನಗ್ತಿತ್ತು. ಇವತ್ತು ಸಮ ಮಾಡಿಬಿಡ್ತೀನಿ."

ಮಾಸ್ಕಿನ ದಾರ ಸರಿಸಲಿಕ್ಕೆ ಅಪ್ಪ ಬಲಗಡೆಯ ಕೂದಲು ಎತ್ತಿದ. ಕಿವಿಯ ಹಿಂದೆ ಬೆರಳುಗುರಿನಷ್ಟು ದೊಡ್ಡ, ಕಿವಿ ಕೇಳಿಸುವ ಒಂದು ಯಂತ್ರ ಇತ್ತು, ಅದರಿಂದ ಒಂದು ಸಣ್ಣ ತಂತಿ ಕಿವಿಯೊಳಗೆ ಇಳಿದಿತ್ತು.

ಮೇಷ್ಟ್ರು ಕನ್ನಡಿಯಲ್ಲಿ ಅಪ್ಪನ ಮುಖ ನೋಡಲಿಲ್ಲ, ಮಡಿಲು ನೋಡಿಕೊಂಡು ಮೆಲ್ಲಗೆ ಹೇಳಿದರು. "ಶಾಲೇಲಿ ಮಕ್ಕಳು ಆಡ್ಕೋತಾರೆ, ಕಾಣದ ಹಾಗೆ ಮಾಡಿ ಅಂತ ಅವರಿಗೆ ಅಂದಿದ್ದೆ. ಯಾರಿಗೂ ಹೇಳಬೇಡಿ ಅಂದಿದ್ದೆ."

ಅಪ್ಪನ ಕೈಯಲ್ಲಿ ಕೂದಲು ಹಾಗೇ ಇತ್ತು. "ನಂಗೂ ಹೇಳಲಿಲ್ಲ," ಅಂದ. "ಮೂವತ್ತು ವರ್ಷ ಬೈಸ್ಕೊಂಡ. ನನ್ನ ತಲೆ ಅವನ ಕೈಲಿರ್ತಿತ್ತು, ಬಾಗಿಲು ಹಾಕಿರ್ತಿತ್ತು, ಒಂದು ದಿನ ಹೇಳಲಿಲ್ಲ ಕಳ್ಳ."

ಆಮೇಲೆ ಕೂದಲನ್ನು ಯಂತ್ರದ ಮೇಲೆ ನಿಧಾನವಾಗಿ ಇಳಿಸಿ, ಬಾಚಿ, ತುದಿಯಲ್ಲಿ ಕತ್ತರಿ ಆಡಿಸಿದ. ಎಡಗಡೆಗಿಂತ ಒಂದೂವರೆ ಬೆರಳು ಉದ್ದ ಬಿಟ್ಟ. ಕನ್ನಡಿ ಹಿಡಿದು ಮೇಷ್ಟ್ರಿಗೆ ತೋರಿಸಿ, "ಓರೆ ಆಗಿದೆ, ಸರಿ ಇದ್ಯಾ?" ಅಂತ ಕೇಳಿದ.